ಸಿಯೆಮ್ ರೀಪ್‌ಗೆ ಹೋಗೋರಿಗೆ: ಒಂದು ದಿನದ ಪಾಸಾ, ಮೂರು ದಿನದ್ದಾ? ಎಲ್ಲಿ ಉಳಿಯೋದು, ಯಾವುದ್ರಲ್ಲಿ ಓಡಾಡೋದು?

ನಮ್ಮ ನೆಂಟರಿಷ್ಟರಲ್ಲಿ ಯಾರಾದ್ರೂ ಥಾಯ್ಲೆಂಡ್ ಟಿಕೆಟ್ ಬುಕ್ ಮಾಡಿದ್ರೆ ಸಾಕು, ಒಂದು ಫೋನ್ ಬರುತ್ತೆ. "ಹೇಗೂ ಅಷ್ಟು ದೂರ ಹೋಗ್ತಿದ್ದೀವಿ, ಒಂದು ದಿನ ಅಂಕೋರ್ ವಾಟ್ ಸೇರಿಸ್ಕೋಬೋದಾ?" ಅಂತ. ಸೇರಿಸ್ಕೋಬೋದು, ಆದ್ರೆ ಮಾಡ್ಬೇಡಿ ಅಂತಾನೇ ನಾನು ಹೇಳೋದು. ಯಾಕಂದ್ರೆ ನಾನು ಮೊದಲ ಸಲ ಹೋಗಿದ್ದೇ ಹಾಗೆ. ಒಂದು ಟೂರ್ ಪ್ಯಾಕೇಜ್‌ನವರು ಬೆಳಗ್ಗೆ ಇಳಿಸಿ ಸಾಯಂಕಾಲ ಹತ್ತಿಸ್ಬಿಟ್ರು, ಐದು ಗಂಟೇಲಿ ಮೂರು ದೇವಸ್ಥಾನ. ಸಮುದ್ರ ಮಂಥನದ ಗೋಡೆ ಮುಂದೆ ನಿಲ್ಲಕ್ಕೂ ಬಿಡ್ಲಿಲ್ಲ, ಬಸ್ ಕಾಯ್ತಿದೆ ನಡೀರಿ ನಡೀರಿ ಅಂತ. 49 ಮೀಟರ್ ಉದ್ದದ ಶಿಲ್ಪಾನ ನಡ್ಕೊಂಡೇ ನೋಡಿ ಬಂದೆ, ಆ ಸಂಕಟ ವರ್ಷಗಟ್ಟಲೆ ಇತ್ತು. ಎರಡನೇ ಸಲ ಅಪ್ಪ ಅಮ್ಮನ್ನ ಕರ್ಕೊಂಡು ಹೋದೆ, ಐದು ರಾತ್ರಿ ಉಳಿದ್ವಿ, ಆಗ ಗೊತ್ತಾಯ್ತು ಈ ಊರಲ್ಲಿ ಯಾವುದು ಬೇಕು ಯಾವುದು ಬೇಡ ಅಂತ. ಅದನ್ನೇ ಬರೀತಿದ್ದೀನಿ.

ಗೊತ್ತಿಲ್ಲದವರಿಗೆ: ಸಿಯೆಮ್ ರೀಪ್ ಥಾಯ್ಲೆಂಡ್ ಪಕ್ಕದ ಕಾಂಬೋಡಿಯಾದ ಒಂದು ಊರು, ಅಂಕೋರ್ ವಾಟ್ ಅನ್ನೋ ಹಳೇ ವಿಷ್ಣು ದೇವಸ್ಥಾನ ಅಲ್ಲಿಂದ ಆರೇಳು ಕಿಲೋಮೀಟರ್. ಹಂಪಿಗೆ ಹೊಸಪೇಟೆ ಇದ್ದ ಹಾಗೆ. ಹೋಟೆಲ್ಲು, ಊಟ, ಗಾಡಿ ಎಲ್ಲಾ ಊರಲ್ಲಿ, ದೇವಸ್ಥಾನಗಳು ಉತ್ತರಕ್ಕೆ ಕಾಡೊಳಗೆ ಸುಮಾರು 400 ಚದರ ಕಿಲೋಮೀಟರ್‌ನಲ್ಲಿ ಹರಡಿವೆ. ಅಂಕೋರ್ ಅನ್ನೋದೇ ನಮ್ಮ "ನಗರ" ಪದದಿಂದ ಬಂದಿದ್ದು.

ಮೊದಲು ಪಾಸ್ ವಿಷಯ, ಯಾಕಂದ್ರೆ ಬಾಕಿ ಎಲ್ಲಾ ಇದರ ಮೇಲೇ ನಿಂತಿದೆ

ಈ ದೇವಸ್ಥಾನಗಳನ್ನ ನೋಡೋಕೆ ಮೂರು ಥರ ಪಾಸ್ ಇದೆ. ಒಂದು ದಿನದ್ದು 37 ಡಾಲರ್, ಮೂರು ದಿನದ್ದು 62, ಏಳು ದಿನದ್ದು 72. 2017ರಲ್ಲಿ ಏರಿಸಿದ ರೇಟು ಇದು. ನೋಡಿ, ಮೊದಲ ದಿನಕ್ಕೇ 37 ಕೊಟ್ಟಾಗಿರುತ್ತೆ, ಇನ್ನೆರಡು ದಿನಕ್ಕೆ ಬರೀ 25 ಡಾಲರ್. ಮೂರು ದಿನದ ಪಾಸನ್ನ ಒಂದರ ಹಿಂದೆ ಒಂದು ದಿನ ಬಳಸ್ಬೇಕು ಅಂತಿಲ್ಲ, 10 ದಿನದೊಳಗೆ ಯಾವ ಮೂರು ದಿನ ಆದ್ರೂ ಸರಿ. ಏಳು ದಿನದ್ದಕ್ಕೆ ಒಂದು ತಿಂಗಳು ಟೈಮು. ಈ ಸೌಲಭ್ಯ ತುಂಬಾ ಜನಕ್ಕೆ ಗೊತ್ತಿರಲ್ಲ, ಮೂರು ದಿನ ಸತತ ಬಿಸಿಲಲ್ಲಿ ಓಡಾಡಿ ಸುಸ್ತಾಗ್ತಾರೆ. ನಾವು ಎರಡು ದಿನ ನೋಡಿ, ಮಧ್ಯೆ ಒಂದು ದಿನ ರೂಮಲ್ಲಿ ಮಲಗಿ, ಮಾರ್ಕೆಟ್ ಸುತ್ತಿ, ಆಮೇಲೆ ಮೂರನೇ ದಿನ ಹೋದ್ವಿ. ಅಪ್ಪನ ಮಂಡಿ ನೋವಿಗೆ ಆ ಒಂದು ದಿನದ ಬಿಡುವೇ ಔಷಧಿ ಆಯ್ತು.

ಒಂದು ದಿನದ ಪಾಸ್ ಯಾಕೆ ಸಾಲಲ್ಲ ಅಂದ್ರೆ, ಒಂದು ದಿನ ಅಂತ ಹೇಳಿದ್ರೂ ಅಲ್ಲಿ ನಿಜವಾಗ್ಲೂ ನೋಡೋಕಾಗೋದು ಎಂಟೂವರೆ ಗಂಟೆ ಅಷ್ಟೇ. ಬೆಳಗ್ಗೆ 5ರಿಂದ 11ರವರೆಗೆ ಒಂದು ಪಾಳಿ, ಮಧ್ಯಾಹ್ನ 3ರಿಂದ 5.30ರವರೆಗೆ ಇನ್ನೊಂದು. ನಡುವೆ ಕಲ್ಲು ಕಾದು ಕೆಂಡ ಆಗಿರುತ್ತೆ, ಗಾಳಿ ಆಡಲ್ಲ, ಬೆವರು ಸುರಿಯುತ್ತೆ, ಆ ಹೊತ್ತಲ್ಲಿ ಎಂಥಾ ಶಿಲ್ಪ ಇದ್ರೂ ಕಣ್ಣಿಗೆ ಹತ್ತಲ್ಲ. ಪ್ಯಾಕೇಜ್‌ನವರು ಕರ್ಕೊಂಡು ಹೋಗೋದು ಸರಿಯಾಗಿ ಅದೇ ಹೊತ್ತಲ್ಲಿ.

ನಿಜವಾಗ್ಲೂ ಒಂದೇ ದಿನ ಇರೋದು ಅಂದ್ರೆ ಅಂಕೋರ್ ವಾಟ್, ಬಯೋನ್, ತಾ ಪ್ರೋಮ್ ಮೂರೇ ನೋಡಿ, ನಾಲ್ಕನೇದಕ್ಕೆ ಆಸೆ ಪಡ್ಬೇಡಿ. ಏಳು ದಿನದ ಪಾಸು ಯಾರಿಗೆ ಅಂದ್ರೆ, ಹಳೇಬೀಡಿಗೆ ಹೋಗಿ ಒಂದೇ ಪಟ್ಟಿಕೆ ಮುಂದೆ ಅರ್ಧ ದಿನ ಕೂರೋರು ಇರ್ತಾರಲ್ಲ, ಚಿತ್ರ ಬರೆಯೋರು, ಫೋಟೋ ಹುಚ್ಚಿನವರು, ಅಂಥವರಿಗೆ. ಬರೀ 10 ಡಾಲರ್ ಜಾಸ್ತಿ, ಕಣ್ಣು ಮುಚ್ಚಿ ತಗೊಳ್ಳಿ.

ಇನ್ನೊಂದು, ಸಾಯಂಕಾಲ 5ರ ಮೇಲೆ ಪಾಸ್ ತಗೊಂಡ್ರೆ ಲೆಕ್ಕ ಮರುದಿನದಿಂದ ಶುರು, ಆದ್ರೆ ಆವತ್ತಿನ ಸೂರ್ಯಾಸ್ತಕ್ಕೂ ಒಳಗೆ ಬಿಡ್ತಾರೆ. ಕೌಂಟರ್‌ನಲ್ಲೇ ಫೋಟೋ ತೆಗೆದು ಪಾಸ್ ಮೇಲೆ ಪ್ರಿಂಟ್ ಮಾಡ್ತಾರೆ, ಹಾಗಾಗಿ ಒಬ್ಬರ ಪಾಸ್ ಇನ್ನೊಬ್ಬರಿಗೆ ಆಗಲ್ಲ. 12 ವರ್ಷದೊಳಗಿನ ಮಕ್ಕಳಿಗೆ ಫ್ರೀ, ಪಾಸ್‌ಪೋರ್ಟ್ ಜೊತೆಗಿರ್ಲಿ. ಅಧಿಕೃತ ಕೌಂಟರ್ ಅಥವಾ ಅವರದೇ ವೆಬ್‌ಸೈಟ್ ಬಿಟ್ಟು ಬೇರೆ ಎಲ್ಲೂ ತಗೋಬೇಡಿ.

ಯಾವ ಕ್ರಮದಲ್ಲಿ ನೋಡೋದು

ಇಲ್ಲಿ ನನ್ನ ಅಭಿಪ್ರಾಯ ಟುಕ್‌ಟುಕ್‌ನವರ ಅಭಿಪ್ರಾಯಕ್ಕೆ ಪೂರ್ತಿ ಉಲ್ಟಾ. ಅವರು ಹೇಳೋದು ಮೊದಲ ದಿನ ಸಣ್ಣ ಸುತ್ತು, ಅಂದ್ರೆ ಅಂಕೋರ್ ವಾಟ್, ಬಯೋನ್, ತಾ ಪ್ರೋಮ್, ಎರಡನೇ ದಿನ ದೊಡ್ಡ ಸುತ್ತು, ಅಂದ್ರೆ ಪ್ರೆಯಾ ಖಾನ್, ನೀಕ್ ಪೀನ್, ಪ್ರೆ ರೂಪ್ ಇತ್ಯಾದಿ, ಮೂರನೇ ದಿನ ದೂರದ್ದು ಯಾವುದಾದ್ರೂ. ಎಲ್ಲರೂ ಹಾಗೇ ಮಾಡೋದು. ಇದರಲ್ಲಿ ಕಷ್ಟ ಏನು ಅಂದ್ರೆ ಎಲ್ಲಕ್ಕಿಂತ ದೊಡ್ಡದನ್ನ ಮೊದಲೇ ನೋಡಿಬಿಟ್ರೆ ಆಮೇಲೆ ಬರೋದೆಲ್ಲ ಸಪ್ಪೆ ಅನ್ಸುತ್ತೆ, "ಇನ್ನೊಂದು ಕಲ್ಲಿನ ರಾಶಿ" ಅಂತ ಮನೆಯವರು ಗೊಣಗೋಕೆ ಶುರು.

ನಾವು ವಯಸ್ಸಿನ ಪ್ರಕಾರ ನೋಡಿದ್ವಿ. ಐಹೊಳೆ ನೋಡಿ, ಬಾದಾಮಿ ನೋಡಿ, ಆಮೇಲೆ ಪಟ್ಟದಕಲ್ಲಿಗೆ ಹೋದ್ರೆ ಹೇಗೆ ಒಂದೊಂದೂ ಬೆಳೀತಾ ಹೋಗೋದು ಕಾಣುತ್ತೋ ಹಾಗೆ. ಮೊದಲ ದಿನ ಬೆಳಗ್ಗೆ ರೊಲುವಾಸ್ ಕಡೆ, ಅಲ್ಲಿ 879ರ ಪ್ರೆಯಾ ಕೋ, 881ರ ಬಾಕೋಂಗ್, ಜನಾನೇ ಇರಲ್ಲ. ಬಾಕೋಂಗ್ ಐದು ಮೆಟ್ಟಿಲಿನ ಪಿರಮಿಡ್ ಥರ, ಮೇರು ಪರ್ವತದ ಕಲ್ಪನೆ ಅಲ್ಲಿ ಕಲ್ಲಲ್ಲಿ ಶುರುವಾಗೋದನ್ನ ನೋಡಿದ್ರೆ ಅಂಕೋರ್ ವಾಟ್‌ನ ಗೋಪುರ ಯಾಕೆ ಹಾಗಿದೆ ಅಂತ ತಾನಾಗೇ ಅರ್ಥ ಆಗುತ್ತೆ. ಅವತ್ತೇ ಸಂಜೆ ಪ್ರೆ ರೂಪ್. ಎರಡನೇ ದಿನ ಬೆಳಗ್ಗೆ ಬಂತೇ ಸ್ರೇ, ಮಧ್ಯಾಹ್ನದ ಮೇಲೆ ಅಂಕೋರ್ ವಾಟ್ ಪಶ್ಚಿಮದ ಗೋಡೆ. ಮೂರನೇ ದಿನ ಸೂರ್ಯೋದಯಕ್ಕೆ ಮತ್ತೆ ಅಂಕೋರ್ ವಾಟ್, ಆಮೇಲೆ ಬಯೋನ್, ಊಟ ನಿದ್ದೆ ಮುಗಿಸಿ ತಾ ಪ್ರೋಮ್, ಪ್ರೆಯಾ ಖಾನ್.

ಬಾಕೋಂಗ್‌ನಲ್ಲಿ ಅಮ್ಮ ಸುತ್ತಿನ ಗೋಡೆ ಮುಟ್ಟಿ "ಇದು ನಮ್ಮ ಮುರಕಲ್ಲು ಅಲ್ವಾ?" ಅಂದ್ರು. ಹೌದು, ಅದೇ. ಕರಾವಳಿಯ ಮನೆ ಕಟ್ಟೋ ಅದೇ ಕೆಂಪು ತೂತಿನ ಕಲ್ಲು. ಅಂಕೋರ್‌ನ ಬಹಳಷ್ಟು ದೇವಸ್ಥಾನಗಳ ಬುಡ, ಒಳಗಿನ ತುಂಬು, ಪ್ರಾಕಾರ ಎಲ್ಲಾ ಅದರದ್ದೇ, ಕೆತ್ತನೆಗೆ ಮಾತ್ರ ಕುಲೇನ್ ಬೆಟ್ಟದ ಮರಳುಗಲ್ಲು. ಅಲ್ಲಿಂದ ಅಮ್ಮನಿಗೆ ಆ ಊರು ಪರಕೀಯ ಅನ್ನಿಸ್ಲೇ ಇಲ್ಲ.

ಅಂಕೋರ್ ವಾಟ್: ಗೈಡ್ ಬೇಕಾ?

ಅಂಕೋರ್ ವಾಟ್ ಗೋಡೆಗಳಿಗೆ ನಮ್ಮವರಿಗೆ ಗೈಡ್ ಬೇಡ. ಯಕ್ಷಗಾನ ನೋಡಿ ಬೆಳೆದ ಅಮ್ಮ ಒಂದೊಂದೇ ಪಾತ್ರ ಗುರುತು ಹಿಡೀತಾ ಹೋದ್ರು. ಕುರುಕ್ಷೇತ್ರದ ಗೋಡೇಲಿ ಶರಶಯ್ಯೆ ಮೇಲೆ ಭೀಷ್ಮ, ಲಂಕೆಯ ಗೋಡೇಲಿ ಹನುಮಂತನ ಹೆಗಲ ಮೇಲೆ ನಿಂತ ರಾಮ, ಎದುರಿಗೆ ಹತ್ತು ತಲೆ ಇಪ್ಪತ್ತು ಕೈಯ ರಾವಣ, ದಕ್ಷಿಣದ ಗೋಡೇಲಿ ಕೋಣನ ಮೇಲೆ ಯಮ, ಸ್ವರ್ಗ ನರಕಗಳು. ಸಮುದ್ರ ಮಂಥನದಲ್ಲಿ ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ಮಧ್ಯೆ ವಿಷ್ಣು, ಕೆಳಗೆ ಕೂರ್ಮ. ಒಂದೇ ಒಂದು ವಿಷಯ ಅವರಿಗೆ ವಿಚಿತ್ರ ಅನ್ಸಿದ್ದು, ಶಿಲ್ಪಗಳ ಕ್ರಮ ಪ್ರದಕ್ಷಿಣೆ ಅಲ್ಲ, ಅಪ್ರದಕ್ಷಿಣೆ. ಪಶ್ಚಿಮದ ಬಾಗಿಲಿಂದ ಹೋಗಿ ಬಲಕ್ಕೆ ತಿರುಗಿ, ದೇವಸ್ಥಾನಾನ ಎಡಗಡೆ ಇಟ್ಕೊಂಡು ಸುತ್ತಬೇಕು. ದೇವಸ್ಥಾನದ ಮುಖಾನೂ ಪಶ್ಚಿಮಕ್ಕೆ. ಅದಕ್ಕೇ ಇದು ರಾಜನ ಸಮಾಧಿ ದೇವಾಲಯವೂ ಆಗಿತ್ತು ಅಂತ ತುಂಬಾ ವಿದ್ವಾಂಸರು ಹೇಳೋದು.

ಇಲ್ಲಿ ನನಗೆ ಮೈ ಜುಮ್ ಅನ್ಸಿದ್ದು ಕಾಲ ಲೆಕ್ಕ ಹಾಕ್ದಾಗ. ಅಂಕೋರ್ ವಾಟ್ ಕಟ್ಟಿಸಿದ ರಾಜ ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದಿದ್ದು 1113ರಲ್ಲಿ, ನಮ್ಮ ವಿಷ್ಣುವರ್ಧನ ಬೇಲೂರಲ್ಲಿ ಚೆನ್ನಕೇಶವನ ಪ್ರತಿಷ್ಠೆ ಮಾಡಿದ್ದು 1117ರಲ್ಲಿ. ಇಬ್ಬರೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಸಮುದ್ರದ ಆಚೆ ಈಚೆ, ಒಂದೇ ದೇವರಿಗೆ ಕಟ್ಟಿಸ್ತಿದ್ರು. ಅಲ್ಲಿ ಅಗಲ, ಎತ್ತರ, 190 ಮೀಟರ್ ಅಗಲದ ಕಂದಕ, 65 ಮೀಟರ್ ಗೋಪುರ. ಇಲ್ಲಿ ಬಳಪದ ಕಲ್ಲಲ್ಲಿ ಬಳೆ, ಜಡೆ, ಬೆರಳುಗುರು. ಯಾವುದು ದೊಡ್ಡದು ಅನ್ನೋ ಪ್ರಶ್ನೆನೇ ಬೇಡ, ಆದ್ರೆ ಬೇಲೂರು ಸರಿಯಾಗಿ ನೋಡಿ ಹೋದವರಿಗೆ ಅಂಕೋರ್ ಇನ್ನೂ ಚೆನ್ನಾಗಿ ಕಾಣುತ್ತೆ, ಇದು ಮಾತ್ರ ನಿಜ.

ಬಯೋನ್‌ಗೆ ಮಾತ್ರ ಲೈಸೆನ್ಸ್ ಇರೋ ಗೈಡ್ ತಗೊಳ್ಳಿ. ಅದು ಆಮೇಲಿನ ರಾಜ ಏಳನೇ ಜಯವರ್ಮ ಕಟ್ಟಿಸಿದ ಬೌದ್ಧ ದೇವಾಲಯ, ಗೋಡೆ ಮೇಲಿರೋದು ಪುರಾಣಕ್ಕಿಂತ ಜಾಸ್ತಿ ಆ ಕಾಲದ ಬದುಕು: ಸಂತೆ, ಅಡುಗೆ, ಕೋಳಿ ಅಂಕ, ನೆರೆಯ ಚಂಪಾ ರಾಜ್ಯದ ಚಾಮ್ ಸೈನ್ಯದ ಜೊತೆ ದೋಣಿ ಯುದ್ಧ. ಕೋಳಿ ಅಂಕ ಕರಾವಳಿಯವರಿಗೆ ಯಾರೂ ವಿವರಿಸ್ಬೇಕಿಲ್ಲ, ಬಾಕಿದಕ್ಕೆ ಹೇಳೋರು ಬೇಕು.

ಅಂಕೋರ್ ವಾಟ್‌ನ ಮೂರನೇ ಅಂತಸ್ತು, ಬಾಕಾನ್ ಅಂತಾರೆ, ಅಲ್ಲಿಗೆ ಕಡಿದಾದ ಮರದ ಮೆಟ್ಟಿಲು. 12ರೊಳಗಿನ ಮಕ್ಕಳನ್ನ ಬಿಡಲ್ಲ, ಭುಜ ಮಂಡಿ ಮುಚ್ಚಿರ್ಬೇಕು, ಮೇಲೆ ಶಾಲು ಹೊದ್ಕೊಂಡ್ರೆ ಒಪ್ಪದೇ ಇರ್ಬೋದು. ಅಮಾವಾಸ್ಯೆ, ಹುಣ್ಣಿಮೆ, ಎರಡು ಅಷ್ಟಮಿ, ಈ ಬೌದ್ಧ ಪವಿತ್ರ ದಿನಗಳಲ್ಲಿ ಮುಚ್ಚಿರುತ್ತೆ, ಹಾಗಾಗಿ ಟಿಕೆಟ್ ಬುಕ್ ಮಾಡೋ ಮುಂಚೆ ಮನೇಲಿರೋ ಕ್ಯಾಲೆಂಡರ್ ಒಂದ್ಸಲ ನೋಡ್ಕೊಳ್ಳಿ.

ಸೂರ್ಯೋದಯ ಎಲ್ಲಿಂದ

ಅಂಕೋರ್ ವಾಟ್ ಮುಂದಿನ ಎಡಗಡೆ ಕೊಳದ ಹತ್ರ ಇಡೀ ಲೋಕವೇ ನಿಂತಿರುತ್ತೆ. ಒಮ್ಮೆ ನೋಡ್ಲೇಬೇಕು ಅಂದ್ರೆ 5 ಗಂಟೆಗೇ ಇರಿ. ಆದ್ರೆ ಗುಟ್ಟು ಇರೋದು ಆಮೇಲೆ: ಸೂರ್ಯ ಹುಟ್ಟಿದ ತಕ್ಷಣ ಮುಕ್ಕಾಲು ಜನ ತಿಂಡಿಗೆ ಹೋಟೆಲ್‌ಗೆ ವಾಪಸ್ ಹೋಗ್ತಾರೆ, ಆಗ ನೀವು ಸೀದಾ ಹಿಂದುಗಡೆ ಪೂರ್ವದ ಗೋಡೆಗೆ ಹೋಗಿ. ಸಮುದ್ರ ಮಂಥನದ ಮೇಲೆ ಎಳೆ ಬಿಸಿಲು, ಅಕ್ಕಪಕ್ಕ ಯಾರೂ ಇಲ್ಲ. ಇಷ್ಟಕ್ಕೋಸ್ಕರ ಬ್ಯಾಗಲ್ಲಿ ಬಾಳೆಹಣ್ಣು, ಬ್ರೆಡ್ಡು ಇಟ್ಕೊಂಡು ಹೋಗಿ. ಕುರುಕ್ಷೇತ್ರ, ಲಂಕೆ ಎರಡೂ ಪಶ್ಚಿಮದಲ್ಲಿರೋದ್ರಿಂದ ಅವಕ್ಕೆ ಸಂಜೆ 4ರ ಬೆಳಕು ಸರಿ.

ಗಲಾಟೆ ಬೇಡ ಅನ್ನೋರಿಗೆ ಸ್ರಾ ಸ್ರಾಂಗ್ ಕೆರೆ ಇದೆ, ಅದೂ ಬೆಳಗ್ಗೆ 5ಕ್ಕೇ ತೆರೆಯುತ್ತೆ. ಸೂರ್ಯಾಸ್ತಕ್ಕೆ ಎಲ್ಲರೂ ಹತ್ತೋದು ಬಾಖೆಂಗ್ ಗುಡ್ಡ, ಮೇಲೆ ಒಂದು ಸಲಕ್ಕೆ 300 ಜನ ಮಾತ್ರ, ತಡವಾಗಿ ಹೋದ್ರೆ ಕ್ಯೂನಲ್ಲೇ ಕತ್ತಲಾಗುತ್ತೆ. ವಯಸ್ಸಾದವರಿದ್ರೆ ಅದನ್ನ ಬಿಟ್ಟುಬಿಡಿ.

ತಾ ಪ್ರೋಮಾ, ಪ್ರೆಯಾ ಖಾನಾ?

ಎರಡೂ ಏಳನೇ ಜಯವರ್ಮಂದೇ. 1186ರಲ್ಲಿ ತಾಯಿ ನೆನಪಿಗೆ ತಾ ಪ್ರೋಮ್, 1191ರಲ್ಲಿ ತಂದೆ ನೆನಪಿಗೆ ಪ್ರೆಯಾ ಖಾನ್. ಮರದ ಬೇರು ಗೋಡೇನ ಹಾವಿನ ಥರ ಸುತ್ಕೊಂಡಿರೋ ಫೋಟೋ ಎಲ್ಲರೂ ನೋಡಿರ್ತಾರಲ್ಲ, ಅದು ತಾ ಪ್ರೋಮ್. ಅಲ್ಲಿ ಜೀರ್ಣೋದ್ಧಾರದ ಕೆಲಸ ಮಾಡಿರೋದು ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ. ಆದ್ರೆ ಜನ ವಿಪರೀತ, ಒಂದೊಂದು ಮರದ ಮುಂದೂ ಫೋಟೋಗೆ ಕ್ಯೂ. ಪ್ರೆಯಾ ಖಾನ್‌ನಲ್ಲೂ ಬೇರು ಇದೆ, ಉದ್ದುದ್ದ ಓಣಿ ಇದೆ, ಎರಡಂತಸ್ತಿನ ದುಂಡು ಕಂಬದ ಕಟ್ಟಡ ಇದೆ, ಶಾಂತವಾಗಿರುತ್ತೆ. ಒಂದೇ ಅಂದ್ರೆ ನಾನು ಪ್ರೆಯಾ ಖಾನ್ ಅಂತೀನಿ. ಅಪ್ಪ ಅಲ್ಲಿ ಒಂದು ಕಲ್ಲಿನ ಮೇಲೆ ಕೂತವರು ಮುಕ್ಕಾಲು ಗಂಟೆ ಎದ್ದೇಳ್ಲಿಲ್ಲ, "ನೀವು ನೋಡ್ಕೊಂಡು ಬನ್ನಿ, ನನಗೆ ಇಲ್ಲೇ ಚೆನ್ನಾಗಿದೆ" ಅಂದ್ರು.

ದೂರದ್ದರಲ್ಲಿ ಯಾವುದು

ಬಂತೇ ಸ್ರೇ, ಬೆಂಗ್ ಮೆಲಿಯಾ, ಕ್ಬಾಲ್ ಸ್ಪಿಯನ್, ಕುಲೇನ್ ಬೆಟ್ಟ, ತೊನ್ಲೆ ಸಾಪ್ ಕೆರೆ. ಇವುಗಳಲ್ಲಿ ಒಂದು ಅಂದ್ರೆ ಕಣ್ಣು ಮುಚ್ಚಿ ಬಂತೇ ಸ್ರೇ. ಊರಿಂದ ಸುಮಾರು 35 ಕಿಲೋಮೀಟರ್. 967ರಲ್ಲಿ ಪ್ರತಿಷ್ಠೆ ಆದ ಶಿವನ ಗುಡಿ, ಕಟ್ಟಿಸಿದ್ದು ರಾಜ ಅಲ್ಲ, ಯಜ್ಞವರಾಹ ಅನ್ನೋ ಆಸ್ಥಾನದ ಪಂಡಿತ. ಗುಡಿಗಳು ಬೇರೆ ದೇವಸ್ಥಾನಗಳ ಮುಂದೆ ತೀರಾ ಚಿಕ್ಕವು, ಗುಲಾಬಿ ಬಣ್ಣದ ಮರಳುಗಲ್ಲು, ಅದರಲ್ಲಿ ಕೈಲಾಸ ಅಲ್ಲಾಡಿಸೋ ರಾವಣ, ಮನ್ಮಥನ ದಹನ, ಕಂಸ ವಧೆ, ನರಸಿಂಹ, ವಾಲಿ ಸುಗ್ರೀವರ ಜಗಳ. ಹಳೇಬೀಡಿನ ರಾವಣನ್ನ ನೆನಪಲ್ಲಿ ಇಟ್ಕೊಂಡು ಇದನ್ನ ನೋಡಿ. ನಮ್ಮ ಹೊಯ್ಸಳರ ಕೆಲಸಕ್ಕೆ ಮನಸ್ಸು ಸೋತವರಿಗೆ ಇಡೀ ಅಂಕೋರ್‌ನಲ್ಲಿ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ. ಬೆಳಗ್ಗೆ 7.30ಕ್ಕೆ ಬಾಗಿಲು ತೆಗೆಯೋ ಹೊತ್ತಿಗೆ ಅಲ್ಲಿರಿ.

ಕ್ಬಾಲ್ ಸ್ಪಿಯನ್ ಅದೇ ದಾರೀಲಿ ಇನ್ನೂ ಮುಂದೆ, ಹೊಳೆಯ ತಳದಲ್ಲಿ ಸಾಲುಸಾಲು ಲಿಂಗ ಕೆತ್ತಿದ್ದಾರೆ, ಶಿರಸಿ ಹತ್ರ ಶಾಲ್ಮಲೆಯ ಸಹಸ್ರಲಿಂಗ ಇದೆಯಲ್ಲ ಹಾಗೇ, ಜೊತೆಗೆ ಅನಂತಶಯನ ವಿಷ್ಣು. ಒಂದೂವರೆ ಕಿಲೋಮೀಟರ್ ಕಾಡಲ್ಲಿ ಹತ್ತಬೇಕು. ಕಾಲು ಗಟ್ಟಿ ಇದ್ರೆ ಬಂತೇ ಸ್ರೇ ಜೊತೆ ಸೇರಿಸ್ಕೊಳ್ಳಿ, ಪಾಸ್ ಅದೇ ಸಾಕು. ಕುಲೇನ್‌ನಲ್ಲೂ ಲಿಂಗಗಳ ಹೊಳೆ, ಜಲಪಾತ, ದೊಡ್ಡ ಮಲಗಿರೋ ಬುದ್ಧ ಇದೆ, 802ರಲ್ಲಿ ಎರಡನೇ ಜಯವರ್ಮ ಚಕ್ರವರ್ತಿ ಅಂತ ಘೋಷಿಸ್ಕೊಂಡಿದ್ದು ಅಲ್ಲೇ, ಆದ್ರೆ ಅದಕ್ಕೆ ಪಾಸ್ ನಡೆಯಲ್ಲ, ಬೇರೆ 20 ಡಾಲರ್, ಇಡೀ ದಿನ ಬೇಕು. ಮಕ್ಕಳಿದ್ರೆ ನೀರಾಟಕ್ಕೆ ಒಳ್ಳೇದು. ಬೆಂಗ್ ಮೆಲಿಯಾ ಕುಸಿದು ಬಿದ್ದ ಹಾಗೇ ಬಿಟ್ಟಿರೋ ದೊಡ್ಡ ದೇವಸ್ಥಾನ, ಈಗ ಪಾಸ್‌ನಲ್ಲೇ ಸೇರಿದೆ, ಏಳು ದಿನದವರಿಗೆ ಸರಿ. ಈ ಕಡೆಗಳಲ್ಲಿ ಹಾದಿ ಬಿಟ್ಟು ಕಾಡೊಳಗೆ ಇಳೀಬೇಡಿ. ಯುದ್ಧ ಕಾಲದ ನೆಲಬಾಂಬ್ ಸಮಸ್ಯೆ ಆ ದೇಶದಲ್ಲಿ ಇನ್ನೂ ಪೂರ್ತಿ ಮುಗಿದಿಲ್ಲ.

ಕೆರೆ ಮಾತ್ರ ಕಾಲ ನೋಡಿ. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿ ತೊನ್ಲೆ ಸಾಪ್ ನದಿ ಹಿಂದಕ್ಕೆ ಹರಿಯುತ್ತೆ, ಕೆರೆ ನಾಲ್ಕೈದು ಪಟ್ಟು ಹಿಗ್ಗುತ್ತೆ. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಕೊಂಪೊಂಗ್ ಫ್ಲುಕ್‌ನ ಕಂಬದ ಮೇಲಿನ ಮನೆಗಳ ನಡುವೆ ದೋಣೀಲಿ ಹೋಗ್ಬೋದು. ಮಾರ್ಚ್ ಏಪ್ರಿಲ್‌ನಲ್ಲಿ ಹೋದ್ರೆ ಕೆಸರು.

ಗಾಡಿ, ಉಳಿಯೋದು, ಊಟ

ಗಾಡಿಗೆ ಟುಕ್‌ಟುಕ್ಕೇ ಸರಿ. ನಾಲ್ಕು ಜನ ಕೂರ್ಬೋದು, ಗಾಳಿ ಬರುತ್ತೆ, ಸಣ್ಣ ಸುತ್ತಿಗೆ ಇಡೀ ದಿನಕ್ಕೆ 15ರಿಂದ 20 ಡಾಲರ್ ಆಸುಪಾಸು, ಬಂತೇ ಸ್ರೇಗೆ ಜಾಸ್ತಿ. ಮೊದಲ ದಿನದ ಡ್ರೈವರ್ ಹಿಡಿಸಿದ್ರೆ ಮೂರೂ ದಿನ ಅವರನ್ನೇ ಇಟ್ಕೊಳ್ಳಿ, ನಮ್ಮ ಡ್ರೈವರ್ ಪ್ರತಿ ದೇವಸ್ಥಾನದಿಂದ ಹೊರಗೆ ಬರೋ ಹೊತ್ತಿಗೆ ತಣ್ಣನೆ ನೀರು ಹಿಡ್ಕೊಂಡು ನಿಂತಿರ್ತಿದ್ರು. ಎಸಿ ಕಾರು ದುಬಾರಿ, ಆದ್ರೆ ಬಂತೇ ಸ್ರೇ ದಿನ ವಯಸ್ಸಾದವರಿಗೆ ಅದೇ ವಾಸಿ, ನಾವೂ ಆ ಒಂದು ದಿನ ಮಾತ್ರ ಕಾರು ಮಾಡಿದ್ವಿ. ಸೈಕಲ್ ಚೆನ್ನಾಗಿರುತ್ತೆ, ರಸ್ತೆ ಸಮತಟ್ಟು, ಮರದ ನೆರಳು, ಸಣ್ಣ ಸುತ್ತು 17 ಕಿಲೋಮೀಟರ್, ಆದ್ರೆ ನವೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ ಯೋಚಿಸಿ. ಊರೊಳಗೆ ಓಡಾಡೋಕೆ ಫೋನಲ್ಲೇ ಗಾಡಿ ಕರೆಯೋ ಗ್ರ್ಯಾಬ್, ಪಾಸ್‌ಆಪ್ ಇದೆ, ಚೌಕಾಸಿ ತಲೆನೋವಿಲ್ಲ.

ಉಳಿಯೋಕೆ ಹಳೇ ಮಾರ್ಕೆಟ್, ಪಬ್ ಸ್ಟ್ರೀಟ್ ಹತ್ರ ಅಂದ್ರೆ ಎಲ್ಲಾ ಕಾಲಬುಡದಲ್ಲಿ, ಆದ್ರೆ ರಾತ್ರಿ ಹೊತ್ತು ಮ್ಯೂಸಿಕ್ ನಿಲ್ಲಲ್ಲ, ಬೆಳಗ್ಗೆ 4ಕ್ಕೆ ಏಳ್ಬೇಕಾದವರಿಗೆ ಅದು ಶಿಕ್ಷೆ. ಫ್ರೆಂಡ್ಸ್ ಜೊತೆ ಆದ್ರೆ ಓಕೆ. ಹೊಳೆ ಆಚೆ ವಾತ್ ಬೋ ಕಡೆ ಸಣ್ಣ ಸಣ್ಣ ಗೆಸ್ಟ್‌ಹೌಸ್ ಇವೆ, ಶಾಂತ, ಸೇತುವೆ ದಾಟಿದ್ರೆ ಮಾರ್ಕೆಟ್, ಫ್ಯಾಮಿಲಿಗೆ ನಾನು ಅದೇ ಹೇಳೋದು. ಆರನೇ ನಂಬರ್ ಹೈವೇ ಮೇಲಿನ ದೊಡ್ಡ ಹೋಟೆಲ್‌ಗಳು ಟೂರ್ ಬಸ್‌ನವರಿಗೆ.

ಸಸ್ಯಾಹಾರಿಗಳು ಸ್ವಲ್ಪ ಎಚ್ಚರ. ಬರೀ ತರಕಾರಿ ಪಲ್ಯ ಅಂತ ಕಂಡ್ರೂ ಮೀನಿನ ಸಾಸ್ ಅಥವಾ ಪ್ರಹೊಕ್ ಅನ್ನೋ ಹುಳಿಸಿದ ಮೀನಿನ ಪೇಸ್ಟ್ ಬಿದ್ದಿರುತ್ತೆ, ಬಿಡಿಸಿ ಕೇಳಿ. ಊರಲ್ಲಿ ಇಂಡಿಯನ್ ಹೋಟೆಲ್‌ಗಳಿವೆ, ಪೂರ್ತಿ ಸಸ್ಯಾಹಾರಿ ಜಾಗಗಳೂ ಇವೆ. ಅಮ್ಮ ಅವಲಕ್ಕಿ, ಚಟ್ನಿಪುಡಿ ತಂದಿದ್ರು, ಬೆಳಗಿನ ಜಾವದ ಹಸಿವಿಗೆ ಅದೇ ಆಧಾರ. ದೇವಸ್ಥಾನದ ಹತ್ರ ಪುಟ್ಟ ಮಕ್ಕಳು ಪೋಸ್ಟ್‌ಕಾರ್ಡ್, ಬಳೆ ಮಾರೋಕೆ ಬರ್ತಾರೆ. ಕರುಳು ಚುರುಕ್ ಅನ್ನುತ್ತೆ, ಆದ್ರೂ ಮಕ್ಕಳ ಕೈಯಿಂದ ತಗೋಬೇಡಿ, ದುಡ್ಡು ಬರ್ತಿದ್ರೆ ಸ್ಕೂಲ್ ಬಿಡಿಸಿ ಕಳಿಸ್ತಾರೆ. ಪಕ್ಕದ ಅಂಗಡೀಲಿ ದೊಡ್ಡವರ ಹತ್ರ ತಗೊಳ್ಳಿ.

ಯಾವಾಗ, ಹೇಗೆ

ನವೆಂಬರ್ ಕೊನೆಯಿಂದ ಫೆಬ್ರವರಿ ಹವೆ ಚೆನ್ನ, ಜನ ಜಾಸ್ತಿ. ಏಪ್ರಿಲ್ ಬೇಡ್ವೇ ಬೇಡ, ಸುಡುತ್ತೆ, ಮಧ್ಯೆ ಅವರ ಹೊಸ ವರ್ಷ ಬೇರೆ, ನಮ್ಮ ತುಳುನಾಡಿನ ಬಿಸು ಹಬ್ಬದ ಹೊತ್ತಿಗೇ ಬರುತ್ತೆ, ಅಂಗಡಿಗಳು ಮುಚ್ಚಿರ್ತವೆ. ಜನ ಕಮ್ಮಿ, ಹಸಿರು ಜಾಸ್ತಿ ಬೇಕು ಅಂದ್ರೆ ಜುಲೈ ಆಗಸ್ಟ್. ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಬೆಳಗ್ಗೆ ನೋಡಿ ಮುಗಿಸ್ಬೋದು, ಕಲ್ಲಿನ ಮೇಲೆ ಪಾಚಿ ಜಾರುತ್ತೆ, ಅದೊಂದು ನೋಡ್ಕೊಳ್ಳಿ.

ಬೆಂಗಳೂರಿಂದ ಬ್ಯಾಂಕಾಕ್, ಕೌಲಾಲಂಪುರ ಅಥವಾ ಸಿಂಗಾಪುರದ ಮೇಲೆ ಹೋಗ್ಬೋದು. ಮೊದಲೆಲ್ಲ ಬ್ಯಾಂಕಾಕ್‌ನಿಂದ ಬಸ್ಸಲ್ಲಿ ಗಡಿ ದಾಟಿ ಹೋಗೋದು ಅಗ್ಗದ ದಾರಿ ಆಗಿತ್ತು, 2025ರಲ್ಲಿ ಎರಡೂ ದೇಶಗಳ ನಡುವೆ ಗಡಿ ಸಂಘರ್ಷ ಆಗಿ ಗಡಿ ಮುಚ್ಚಿದ್ರು, ಹಾಗಾಗಿ ಆ ದಾರಿ ನಂಬ್ಕೊಂಡು ಪ್ಲಾನ್ ಮಾಡ್ಬೇಡಿ, ಹೊರಡೋ ಮುಂಚೆ ಪರಿಸ್ಥಿತಿ ವಿಚಾರಿಸಿ. ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್‌ನಿಂದ ಬಸ್ಸಲ್ಲಿ ಸುಮಾರು ಆರು ಗಂಟೆ. ಡಾಲರ್ ನೋಟು ಹೊಸದಾಗಿ, ಗರಿಗರಿಯಾಗಿ ಇರ್ಲಿ, ಚೂರು ಹರಿದಿದ್ರೂ ತಗೊಳ್ಳಲ್ಲ. ಚಿಲ್ಲರೆ ಅವರ ದೇಶದ ದುಡ್ಡು ರಿಯೆಲ್‌ನಲ್ಲಿ ಕೊಡ್ತಾರೆ, ಒಂದು ಡಾಲರ್‌ಗೆ ಹೆಚ್ಚುಕಡಿಮೆ 4,000.

ಹಳೇ ಬ್ಲಾಗು, ವಿಡಿಯೋ ನೋಡಿ ಏರ್‌ಪೋರ್ಟ್ ಊರ ಪಕ್ಕದಲ್ಲೇ ಅನ್ಕೋಬೇಡಿ. 2023ರ ಅಕ್ಟೋಬರ್‌ನಿಂದ ಹೊಸ ಏರ್‌ಪೋರ್ಟ್, ಊರಿಂದ 40 ಕಿಲೋಮೀಟರ್‌ಗೂ ಜಾಸ್ತಿ. ಬೆಳಗಿನ ಫ್ಲೈಟ್ ಇದ್ರೆ ಹಿಂದಿನ ಸಂಜೆನೇ ಗೆಸ್ಟ್‌ಹೌಸ್‌ನವರಿಗೆ ಹೇಳಿ ಕಾರು ಗೊತ್ತು ಮಾಡ್ಕೊಳ್ಳಿ, ಮೂರು ಸೂಟ್‌ಕೇಸ್ ಇಟ್ಕೊಂಡು ಆ ಹೊತ್ತಲ್ಲಿ ಟುಕ್‌ಟುಕ್ ಹುಡುಕೋ ಪಾಡು ಬೇಡ.